ತಿರುಗದ ಮೋಟಾರ್ ಯಾಕೆ ಸುಡುತ್ತದೆ: ಬ್ಯಾಕ್ ಇಎಂಎಫ್‌ನಿಂದ ದೋಷ ಹುಡುಕುವ ಬಗೆ

ಬ್ಯಾಡಗಿ ಕಡೆ ಖಾರದ ಗಿರಣಿಯಲ್ಲಿ ಸರಿಯಾಗಿ ಒಣಗದ ಮೆಣಸಿನಕಾಯಿ ಸಿಕ್ಕಿಕೊಂಡು ಮೋಟಾರ್ ಗುಂಯ್ ಎಂದು ನಿಂತರೆ, ಸ್ವಲ್ಪ ಹೊತ್ತಿಗೇ ವಾರ್ನಿಶ್ ಸುಟ್ಟ ವಾಸನೆ ಬರುತ್ತದೆ. ತಿರುಗುವ ಮೋಟಾರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟಿಗೆ ಕಡಿವಾಣ ಹಾಕುತ್ತಿರುತ್ತದೆ. ಅದೇ ಬ್ಯಾಕ್ ಇಎಂಎಫ್. ಡಿಸಿ ಮೋಟಾರಿನಲ್ಲಿ ಲೆಕ್ಕ ಸುಲಭ. 220 ವೋಲ್ಟ್ ಸಪ್ಲೈ, ಆರ್ಮೇಚರ್ (ತಿರುಗುವ ಸುರುಳಿ) ರೆಸಿಸ್ಟೆನ್ಸ್ 0.5 ಓಮ್ ಎಂದುಕೊಳ್ಳಿ. ವೇಗ ಹಿಡಿದಾಗ 210 ವೋಲ್ಟ್ ಎದುರು ನಿಂತರೆ, ಉಳಿದ 10 ವೋಲ್ಟಿಗೆ ಹರಿಯುವುದು 20 ಆಂಪ್. ನಿಂತ ಮೋಟಾರಿಗೆ 440 ಆಂಪ್! ಹಳೇ ಡಿಸಿ ಮೋಟಾರುಗಳಿಗೆ ಸ್ಟಾರ್ಟರ್ ರೆಸಿಸ್ಟೆನ್ಸ್ ಕೊಡುತ್ತಿದ್ದದ್ದು ಇದಕ್ಕೇ.

ಗಿರಣಿ, ಬೋರ್‌ವೆಲ್‌ಗಳಲ್ಲಿರುವುದು ಇಂಡಕ್ಷನ್ ಮೋಟಾರ್. ಅದರ ರೋಟರ್ (ತಿರುಗುವ ಭಾಗ) ನಿಂತರೆ ಸೆಕೆಂಡರಿ, ಅಂದರೆ ಔಟ್‌ಪುಟ್ ಸುರುಳಿ, ಶಾರ್ಟ್ ಆದ ಟ್ರಾನ್ಸ್‌ಫಾರ್ಮರ್ ಇದ್ದಂತೆ; ಕರೆಂಟ್ ಎಗರುತ್ತದೆ. ನೇಮ್‌ಪ್ಲೇಟ್ ಮೇಲೆ 8 ಆಂಪ್ ಇದ್ದರೆ, ಡೈರೆಕ್ಟ್ ಸ್ಟಾರ್ಟಿನಲ್ಲಿ ಕ್ಲ್ಯಾಂಪ್ ಮೀಟರ್ (ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) 48ರ ಆಸುಪಾಸು ತೋರಿಸಿ ಕೆಳಗಿಳಿಯಬೇಕು. ಇಳಿಯದೆ ಅಲ್ಲೇ ನಿಂತರೆ ತಕ್ಷಣ ಆಫ್ ಮಾಡಿ: ಪಂಪಿಗೆ ಮರಳು ಸಿಕ್ಕಿರಬಹುದು, ಒಂದು ಫೇಸ್ ಹೋಗಿರಬಹುದು. ಕರೆಂಟ್ ಆರು ಪಟ್ಟಾದರೆ ವೈಂಡಿಂಗಿನ ಕಾವು ಮೂವತ್ತಾರು ಪಟ್ಟು. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ಆಫ್ ಮಾಡುವ ಸಾಧನ) ಪದೇ ಪದೇ ಬೀಳುತ್ತದೆಂದು ಅದರ ಸೆಟ್ಟಿಂಗ್ ಏರಿಸುವುದು ರಿವೈಂಡಿಂಗ್ ಅಂಗಡಿಗೆ ದಾರಿ.

ಇ-ಸ್ಕೂಟರಿನ ಚಕ್ರದೊಳಗೇ ಇರುವ ಹಬ್ ಮೋಟಾರ್‌ನಲ್ಲಿ ಮ್ಯಾಗ್ನೆಟ್ ಇರುವುದರಿಂದ ಬ್ಯಾಕ್ ಇಎಂಎಫ್ ನೇರವಾಗಿ ಅಳೆಯಬಹುದು. ಬ್ಯಾಟರಿ ಕಳಚಿ, ಚಕ್ರ ನೆಲದಿಂದ ಎತ್ತಿ, ಕೈಯಿಂದ ತಿರುಗಿಸಿ. ಎಲ್ಲೋ ಶಾರ್ಟ್ ಇದ್ದರೆ ಬ್ಯಾಕ್ ಇಎಂಎಫ್ ಅದರೊಳಗೆ ಕರೆಂಟ್ ಹರಿಸಿ ಬ್ರೇಕ್ ಹಾಕಿದಂತಾಗುತ್ತದೆ. ಹಾಗೆ ಬಿಗಿಯಾಗಿ ಎಳೆದೆಳೆದು ತಿರುಗಿದರೆ ಕಂಟ್ರೋಲರಿನಿಂದ ಮೂರು ದಪ್ಪ ಫೇಸ್ ವೈರ್ ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಇಡಿ. ಈಗ ಸಲೀಸಾಗಿ ತಿರುಗಿತೇ? ಕಂಟ್ರೋಲರಿನ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿದೆ. ಇನ್ನೂ ಬಿಗಿಯೇ? ಆಕ್ಸಲ್ ಒಳಗೆ ವೈರ್ ಉಜ್ಜಿ ಶಾರ್ಟ್ ಆಗಿರಬಹುದು, ಇಲ್ಲವೇ ವೈಂಡಿಂಗ್ ಹೋಗಿರಬಹುದು, ಬೇರಿಂಗೂ ನೋಡಿ. ಆಮೇಲೆ ಮಲ್ಟಿಮೀಟರ್ ಎಸಿ ವೋಲ್ಟಿಗಿಟ್ಟು, ಎರಡೆರಡೇ ವೈರ್ ಹಿಡಿದು, ಒಂದೇ ವೇಗದಲ್ಲಿ ತಿರುಗಿಸಿ. ಮೂರೂ ಜೋಡಿ ಸಮ ಬರಬೇಕು. ಕೈಯ ವೇಗ ಏರುಪೇರಾಗುತ್ತದೆ, ಹಾಗಾಗಿ ನಾಲ್ಕೈದು ಸಲ ನೋಡಿ.

ಮ್ಯಾಗ್ನೆಟ್ ಇರುವ ಸಣ್ಣ ಡಿಸಿ ಮೋಟಾರನ್ನು ಡ್ರಿಲ್ಲಿಗೆ ಕಚ್ಚಿಸಿ 1000 ಆರ್‌ಪಿಎಂಗೆ 8 ವೋಲ್ಟ್ ಬಂದರೆ, 24 ವೋಲ್ಟಿಗೆ ಅದು ಖಾಲಿಯಾಗಿ ಹೆಚ್ಚುಕಡಿಮೆ 3000 ಆರ್‌ಪಿಎಂ ಓಡುತ್ತದೆ. ಮ್ಯಾಗ್ನೆಟ್ ಸೊರಗಿದ್ದರೆ ಖಾಲಿ ಓಟ ಇನ್ನೂ ಜೋರು, ಲೋಡ್ ಬಿದ್ದಾಗ ಮಾತ್ರ ಸುಸ್ತು. ಮೋಸ ಹೋಗುವುದು ಇಲ್ಲೇ.

ಮಿಕ್ಸರಿಗೆ ಈ ಪರೀಕ್ಷೆ ನಡೆಯದು, ಅದರಲ್ಲಿ ಮ್ಯಾಗ್ನೆಟ್ ಇಲ್ಲ. ಶೇಂಗಾ ಚಟ್ನಿ ಗಟ್ಟಿಯಾಗಿ ಬ್ಲೇಡ್ ನಿಂತರೆ ಸ್ವಿಚ್ ಆಫ್ ಮಾಡಿ, ಜಾರ್ ಬಿಡಿಸಿ, ಮೋಟಾರ್ ತಣ್ಣಗಾದ ಮೇಲೆ ತಳದ ಕೆಂಪು ಬಟನ್ ಒತ್ತಿ.