ಬಾಣಲೆಯಲ್ಲಿ ಹುರಿದ ಮರಳು

ಕುಂಬಳೆಯ ಕಡಲ ಬದಿಯ ಮನೆಯೊಂದಕ್ಕೆ ತಾರಸಿ ಹಾಕುವ ದಿನ. ಬೇಶ ತಿಂಗಳು, ಮಳೆಗಾಲ ಹಿಡಿಯುವ ಮೊದಲು ಮುಗಿಸುವ ಅವಸರ ಎಲ್ಲರಿಗೂ. ಹಿಂದಿನ ರಾತ್ರಿಯೇ ಮಳೆ ಸುರಿದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ರಾಶಿ ನೆನೆದಿತ್ತು. ಮೊದಲ ಮಿಕ್ಸರಿನ ಕಾಂಕ್ರೀಟನ್ನು ಸ್ಲಂಪ್ ಕೋನಿಗೆ, ಅಂದರೆ ಹಸಿ ಕಾಂಕ್ರೀಟ್ ಎಷ್ಟು ತೆಳುವಾಗಿದೆಯೆಂದು ನೋಡುವ ಲೋಹದ ಅಚ್ಚಿಗೆ ತುಂಬಿ, ಕೋನನ್ನು ಮೇಲೆತ್ತಿದೆ. 300 ಮಿ.ಮೀ. ಎತ್ತರದ ಗುಪ್ಪೆ ನಿಲ್ಲದೆ ಸೆಗಣಿಯಂತೆ ಹರಡಿತು. ನನಗೆ ಬೇಕಿದ್ದುದು 75ರಿಂದ 100 ಮಿ.ಮೀ. ಕುಸಿತ.

"50 ಕಿಲೋ ಸಿಮೆಂಟ್ ಮೂಟೆಗೆ 22 ಲೀಟರ್ ನೀರೇ ಹಾಕಿದ್ದು ಎಂಜಿನಿಯರ್ರೇ, ಬೇಕಾದರೆ ಬಕೆಟ್ ನೋಡಿ" ಎಂದರು ಮೇಸ್ತ್ರಿ. ಅವರದು ಸುಳ್ಳಲ್ಲ. ಹೆಚ್ಚಿನ ನೀರು ಮರಳಿನೊಳಗಿತ್ತು.

ಪಕ್ಕದ ಹಳೆಮನೆಯ ಅಮ್ಮನವರಲ್ಲಿ ಕಬ್ಬಿಣದ ಬಾಣಲೆ, ಅಡುಗೆಮನೆಯ ತಕ್ಕಡಿ ಕೇಳಿ ತಂದೆ. ರಾಶಿಯ ಒಳಗಿನಿಂದ ಒಂದು ಕಿಲೋ ಮರಳು ತೆಗೆದು ಹುರಿದೆ. ಮೊದಲು ಹಬೆ ಎದ್ದಿತು. ಆಮೇಲೆ ಕಾಳುಗಳು ಒಂದಕ್ಕೊಂದು ಅಂಟದೆ ಸರಸರನೆ ಜಾರತೊಡಗಿದವು. ತೂಗಿದರೆ 950 ಗ್ರಾಂ. ಮೂಟೆಗೆ 90 ಕಿಲೋ ಮರಳು ಹಾಕುವಾಗ ನಾಲ್ಕೂವರೆ ಲೀಟರ್ ನೀರು ಯಾರ ಲೆಕ್ಕಕ್ಕೂ ಸಿಗದೆ ಒಳಹೋಗುತ್ತಿತ್ತು. ಮರಳು ತಾನೇ ಹೀರಿಕೊಳ್ಳುವ ಒಂದು ಲೀಟರನ್ನು ಬಿಟ್ಟರೂ ಮೂರೂವರೆ. ಕಡಲ ಗಾಳಿಗೆ ಒಡ್ಡಿಕೊಳ್ಳುವ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನಕ) ಹೇಳುವ ನೀರು-ಸಿಮೆಂಟ್ ತೂಕದ ಪ್ರಮಾಣದ ಮಿತಿ 0.45. ನಮ್ಮದು 0.51 ಮುಟ್ಟಿತ್ತು. ಆ ಉಪ್ಪು ಗಾಳಿ ಕಬ್ಬಿಣವನ್ನು ಏನು ಮಾಡುತ್ತದೆಂದು ಈ ಊರಿನ ಹಳೆಯ ಸಜ್ಜಾಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ನೀರನ್ನು 18.5 ಲೀಟರಿಗೆ ಇಳಿಸಿ, ಮರಳನ್ನು ನಾಲ್ಕು ಕಿಲೋ ಏರಿಸಿದೆವು. ಎರಡನೆಯ ಕೋನ್ 90 ಮಿ.ಮೀ. ಕುಸಿದು ನಿಂತಿತು. ಮೊದಲಿನದನ್ನು ತಾರಸಿಗೆ ಏರಿಸಲು ನಾನು ಬಿಡಲಿಲ್ಲ. ಅದು ಹಿತ್ತಲ ಹಟ್ಟಿಯ ನೆಲಕ್ಕೆ ಹೋಯಿತು. ಯಜಮಾನರು ಗೊಣಗಿದರು. ಮಧ್ಯಾಹ್ನ ಇನ್ನೊಮ್ಮೆ ಮರಳು ಹುರಿದೆ, ಬಿಸಿಲಿಗೆ ರಾಶಿಯ ಮೇಲ್ಭಾಗ ಒಣಗಿತ್ತು.

ಕಬ್ಬಿಣದ ಸರಳುಗಳನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ 45 ಮಿ.ಮೀ. ಕವರ್ ಬ್ಲಾಕ್‌ಗಳನ್ನು ಹಿಂದಿನ ಸಂಜೆಯೇ ನೋಡಿದ್ದೆ. ಎರಡು ಕಡೆ ಅವುಗಳ ಬದಲು ಜಲ್ಲಿಕಲ್ಲು ಸಿಕ್ಕಿಸಿದ್ದರು, ತೆಗೆಸಿದೆ.

ಸುಮಾರು 12 ಘನ ಮೀಟರ್ ಕಾಂಕ್ರೀಟಿಗೆ ಎರಡು ಸ್ಯಾಂಪಲ್, ಗಟ್ಟಿತನ ಪರೀಕ್ಷಿಸಲು ಆರು ಕ್ಯೂಬ್. ಹುಡುಗನೊಬ್ಬ ಜಲ್ಲಿ ಬದಿಗೆ ಸರಿಸಿ ನುಣ್ಣನೆಯ ಗಾರೆಯನ್ನೇ ಅಚ್ಚಿಗೆ ತುಂಬಹೊರಟ. ಕೈ ಹಿಡಿದು ನಿಲ್ಲಿಸಿ, ತಾರಸಿಗೆ ಹೋಗುತ್ತಿದ್ದ ಬುಟ್ಟಿಯಿಂದಲೇ ತುಂಬಿಸಿದೆ.