ಕ್ರಮ ಬ್ಯಾಡ, ತಾರೀಕು ಹೇಳು: ಶಾಸಕರ ಸುದ್ದಿ ಹಾಳೆ ಬರೆದ ನನ್ನ ಅನುಭವ

ಮಂಡ್ಯ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ. ಅದರಲ್ಲಿ ಒಂದರ ಶಾಸಕರ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಇದು ಪ್ರಚಾರ ಆಗಿಬಿಡುತ್ತದೆ. ಫೋನ್ ಎತ್ತುವುದು, ಅರ್ಜಿ ತೆಗೆದುಕೊಳ್ಳುವುದು, ಮದುವೆ ಲಗ್ನಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿಡುವುದು ನನ್ನ ಕೆಲಸ. 2023ರ ಚುನಾವಣೆ ಮುಗಿದ ಮೇಲೆ ಇನ್ನೊಂದು ಸೇರಿಕೊಂಡಿತು. ತಿಂಗಳಿಗೊಂದು ಸುದ್ದಿ ಹಾಳೆ. ಕ್ಷೇತ್ರದಲ್ಲಿ ಏನಾಯಿತು, ಸದನದಲ್ಲಿ ಏನಾಯಿತು, ಸರ್ಕಾರದ ಹೊಸ ಆದೇಶ ಏನು ಅಂತ ಜನಕ್ಕೆ ತಿಳಿಸಬೇಕು. "ಕನ್ನಡ ಎಂ.ಎ. ಮಾಡಿದ್ದೀಯಲ್ಲಪ್ಪ, ನೀನೇ ಬರಿ" ಅಂದರು ಸಾಹೇಬರು. ಅಚ್ಚಿನ ಖರ್ಚು ಅವರ ಜೇಬಿನದು.

ಮೊದಲ ಹಾಳೆ ನಾಲ್ಕು ಪುಟ, ಬಣ್ಣದ್ದು. ಹನ್ನೊಂದು ಫೋಟೊ. ಒಂಬತ್ತರಲ್ಲಿ ಸಾಹೇಬರ ಕೈಯಲ್ಲಿ ಗುದ್ದಲಿ, ಇಲ್ಲದಿದ್ದರೆ ಕುತ್ತಿಗೆಯಲ್ಲಿ ಹಾರ. "ಶಾಸಕರ ಅವಿರತ ಶ್ರಮದ ಫಲವಾಗಿ" ಅನ್ನುವ ಮಾತನ್ನು ಆರು ಸಲ ಬರೆದಿದ್ದೆ. ಆಮೇಲೆ ಎಣಿಸಿ ನೋಡಿ ನಾಚಿಕೆಯಾಯಿತು.

ಆ ಹಾಳೆಗಳನ್ನು ಹಿಡಿದು ಒಂದೂರಿನ ಹಾಲಿನ ಡೈರಿಗೆ ಸಂಜೆ ಹೊತ್ತು ಹೋದೆ. ನಮ್ಮ ಕಡೆ ಜನ ಒಟ್ಟಿಗೆ ಸಿಗಬೇಕೆಂದರೆ ಅದೇ ಜಾಗ. ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು ಅಂತ ನೋಡಿಕೊಂಡು, ಹತ್ತು ನಿಮಿಷ ನಿಂತು ಮಾತಾಡಿಯೇ ಹೋಗುತ್ತಾರೆ. ಒಬ್ಬ ಅಜ್ಜ ಹಾಳೆ ತಿರುವಿ ನೋಡಿದರು. ಒಂದು ಫೋಟೊದ ಹಿಂದಿನ ಸಾಲಿನಲ್ಲಿ ತಮ್ಮ ಮುಖವೇ ಸಿಕ್ಕಿ ಖುಷಿಯೂ ಆಯಿತು. ಮಡಚಿ ಜೇಬಿಗಿಟ್ಟುಕೊಂಡು ಕೇಳಿದರು: "ಅದೆಲ್ಲ ಸರಿ ಕನಪ್ಪ, ನಾಲೆಗೆ ನೀರು ಯಾವತ್ತು ಬುಡ್ತಾರೆ?"

"ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ ಅಂತ ಮೂರನೇ ಪುಟದಲ್ಲಿ ಹಾಕಿದ್ದೀನಿ ನೋಡಿ ಅಜ್ಜ" ಅಂದೆ.

"ಕ್ರಮ ಬ್ಯಾಡ, ತಾರೀಕು ಹೇಳು. ಒಟ್ಲು ಹಾಕ್ಬೇಕಾ ಬ್ಯಾಡ್ವಾ?"

ಒಟ್ಲು ಅಂದರೆ ನಾಟಿಗೆ ಮುಂಚೆ ಭತ್ತದ ಸಸಿ ಬೆಳೆಸುವ ಮಡಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದು ಬರದ ವರ್ಷ ಬೇರೆ. ಆಗಸ್ಟ್ ಕೊನೆಯಿಂದ ಕಚೇರಿಗೆ ಬರುತ್ತಿದ್ದ ಫೋನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನದೇ. ತಮಿಳುನಾಡಿಗೆ 15 ದಿನ, 5,000 ಕ್ಯೂಸೆಕ್‌ನಂತೆ ಕಾವೇರಿ ನೀರು ಬಿಡಬೇಕು ಅನ್ನುವ ಆದೇಶ ಬಂತು. ಸೆಪ್ಟೆಂಬರಿನಲ್ಲಿ ಮತ್ತೆ ಅಷ್ಟೇ. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಟಿ.ವಿ.ಯವರು ಒಮ್ಮೆ ಕ್ಯೂಸೆಕ್ ಅನ್ನುತ್ತಾರೆ, ಒಮ್ಮೆ ಟಿಎಂಸಿ ಅನ್ನುತ್ತಾರೆ, ಇನ್ನೊಮ್ಮೆ ಅಡಿ ಅನ್ನುತ್ತಾರೆ. ಮೂರಕ್ಕೂ ಏನು ಸಂಬಂಧ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕಾವೇರಿ ನೀರಾವರಿ ನಿಗಮದ ಒಬ್ಬ ಎಂಜಿನಿಯರ್ ಹತ್ತಿರ ಕೂತು ಕಲಿತೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಅಂದರೆ ಸುಮಾರು 28 ಲೀಟರ್. ದಿನಕ್ಕೆ 86,400 ಸೆಕೆಂಡು. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಹಾಗಾಗಿ 5,000 ಕ್ಯೂಸೆಕ್ ಒಂದು ದಿನ ಹರಿದರೆ ಅರ್ಧ ಟಿಎಂಸಿಗೂ ಕಡಿಮೆ, 0.43. ಹದಿನೈದು ದಿನಕ್ಕೆ ಆರೂವರೆ ಟಿಎಂಸಿ. ಕೆ.ಆರ್.ಎಸ್. ತುಂಬಿದರೆ, ಅಂದರೆ 124.80 ಅಡಿಗೆ, ಹಿಡಿಯುವುದು 49.45 ಟಿಎಂಸಿ. ತಮಿಳುನಾಡಿನ ಲೆಕ್ಕವನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ, ಅಲ್ಲಿಗೆ ಕಬಿನಿ ನೀರೂ ಸೇರುತ್ತದೆ. ಕಟ್ಟೆಯ ಮೇಲಿನ ಒಂದು ಅಡಿಯಲ್ಲಿರುವ ನೀರು, ತಳದ ಒಂದು ಅಡಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಾಣಲೆ ಇದ್ದ ಹಾಗೆ.

ಇಷ್ಟನ್ನೇ ಅರ್ಧ ಪುಟ ಬರೆದೆ. ಜೊತೆಗೆ ಇನ್ನೊಂದು ಸಾಲು: ಕೆ.ಆರ್.ಎಸ್.ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಯಾವಾಗ, ಎಷ್ಟು ಕಟ್ಟು (ಸರದಿ) ನೀರು ಅಂತ ತೀರ್ಮಾನ ಮಾಡುವುದು ನೀರಾವರಿ ಸಲಹಾ ಸಮಿತಿ. ಅಲ್ಲಿ ಶಾಸಕರು ಮಾತಾಡಬಹುದು, ಗೇಟು ಅವರ ಕೈಯಲ್ಲಿಲ್ಲ. ಸಾಹೇಬರಿಗೆ ಈ ಸಾಲು ಹಿಡಿಸಲಿಲ್ಲ. "ನನ್ ಕೈಲಾಗಲ್ಲ ಅಂತ ನೀನೇ ಬರ್ದ್‌ಕೊಟ್ರೆ ಹೆಂಗಯ್ಯ?" ಅಂದರು. ಆದರೂ ತೆಗೆಸಲಿಲ್ಲ. ಆ ತಿಂಗಳು ಮೊದಲ ಸಲ ಜನ ಹಾಳೆ ಕೇಳಿ ತೆಗೆದುಕೊಂಡು ಹೋದರು. ನೀರು ಸಿಕ್ಕಿತು ಅಂತಲ್ಲ. ಒಟ್ಲು ಹಾಕಬೇಕೋ ಬೇಡವೋ ಅಂತ ತಾವೇ ಲೆಕ್ಕ ಹಾಕಲು ಏನೋ ಒಂದು ಸಿಕ್ಕಿತ್ತು.

ಅಲ್ಲಿಂದ ಮುಂದೆ ಪ್ರತಿ ಸುದ್ದಿಗೂ 'ಯಾರ ಕೈಲಿದೆ' ಅಂತ ಒಂದು ಸಾಲು ಕಡ್ಡಾಯ ಮಾಡಿಕೊಂಡೆ. ಇದರಿಂದ ಬಹಳ ಉಪಯೋಗ ಆಯಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ ಅಂದಾಗ ಜನ ನಮ್ಮ ಕಚೇರಿಗೇ ಬಂದು ಬೈದರು. ಅದು ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಗೊತ್ತು ಮಾಡುವುದೂ ಕೇಂದ್ರವೇ. ಆದರೆ ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ದುಡ್ಡು ಕೊಡಬೇಕು, ತಡ ಆದರೆ ಬಡ್ಡಿ ಸೇರಿಸಬೇಕು ಅಂತ ನಿಯಮ ಇದೆ. ಅದನ್ನು ಜಿಲ್ಲಾಡಳಿತದ ಮೂಲಕ ಕೇಳಬಹುದು, ನಾವೂ ಕೇಳಿದೆವು.

ಗೃಹಲಕ್ಷ್ಮಿಯದು ಬೇರೆಯೇ ಕಥೆ. ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಉದ್ಘಾಟನೆ ಆಯಿತು. ಮಾರನೇ ದಿನದಿಂದಲೇ "ನಮ್ಮನೆಯವಳಿಗೆ ಎರಡು ಸಾವಿರ ಬಂದಿಲ್ಲ" ಅನ್ನುವ ಫೋನುಗಳು. ಯೋಜನೆಯನ್ನು ಹೊಗಳಿ ಬರೆಯುವುದನ್ನು ಬಿಟ್ಟು, ಏನೇನು ನೋಡಿಕೊಳ್ಳಬೇಕು ಅಂತ ಬರೆದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ತೀರಿಹೋದ ಅತ್ತೆಯ ಹೆಸರೇ ಇತ್ತು. ಆಧಾರ್ ಯಾವ ಬ್ಯಾಂಕಿನ ಖಾತೆಗೆ ಜೋಡಣೆ ಆಗಿದೆ? ಹಣ ಅಲ್ಲಿಗೇ ಹೋಗುತ್ತದೆ, ನೀವು ದಿನಾ ಹೋಗುವ ಬ್ಯಾಂಕಿಗಲ್ಲ. ಎರಡೂ ಸರಿ ಇದ್ದೂ ಹಣ ಬಾರದಿದ್ದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ. ಇಷ್ಟೇ. ಫೋನುಗಳು ಕಡಿಮೆಯಾದವು.

ಓದಲು ಬಾರದವರಿಗೆ ಹಾಳೆಯನ್ನು ನಾನೇ ಓದಿ ವಾಟ್ಸಾಪಿನಲ್ಲಿ ಮೂರು ನಿಮಿಷದ ವಾಯ್ಸ್ ಕಳಿಸುತ್ತೇನೆ. ಮೊದಲು ಆಕಾಶವಾಣಿ ವಾರ್ತೆ ಥರ ಓದಿದ್ದೆ. "ಯಾಕ್ಲಾ ಹಂಗ್ ಓದ್ತೀಯ, ಯಾರಾದ್ರೂ ಹೋಗ್ಬುಟ್ರಾ?" ಅಂತ ಅವ್ವನೇ ಕೇಳಿದಳು. ಈಗ ಮಾತಾಡಿದ ಹಾಗೆ ಓದುತ್ತೇನೆ.

ಸದನದ ಸುದ್ದಿ ಬರೆಯುವುದು ಎಲ್ಲಕ್ಕಿಂತ ಕಷ್ಟ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಬಾಯಲ್ಲಿ ಉತ್ತರ ಹೇಳುತ್ತಾರೆ, ಉಪಪ್ರಶ್ನೆ ಕೇಳಬಹುದು. ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಆ ಉತ್ತರಗಳ ಭಾಷೆಯೇ ಬೇರೆ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಪ್ರಶ್ನೆ. "ಬಂದಿದೆ" ಅಂತ ಉತ್ತರ. ಮುಂದೆ "ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು." ಇದನ್ನು ನಾನು 'ಈ ವರ್ಷ ದುಡ್ಡಿಲ್ಲ' ಅಂತ ಬರೆಯುತ್ತೇನೆ. 'ಪರಿಶೀಲನೆಯಲ್ಲಿದೆ' ಅಂದರೆ ಕಡತ ಯಾವ ಮೇಜಿನ ಮೇಲಿದೆ ಅಂತ ಫೋನ್ ಮಾಡಿ ಕೇಳಿ, ಅದನ್ನೇ ಬರೆಯುತ್ತೇನೆ. ಸುಮ್ನೆ ಉತ್ತರವನ್ನು ಹಾಗೇ ಇಳಿಸಿದರೆ ಹಾಳೆ ಯಾಕೆ ಬೇಕು, ಅಲ್ವಾ?

ನಾನು ಮಾಡಿದ ದೊಡ್ಡ ತಪ್ಪು ಒಂದು ರಸ್ತೆಯದು. 'ಮಂಜೂರಾಗಿದೆ' ಅಂತ ಬರೆದುಬಿಟ್ಟೆ. ಊರಿನ ಹುಡುಗರು ಸಾಹೇಬರಿಗೆ ಧನ್ಯವಾದ ಹೇಳಿ ಫ್ಲೆಕ್ಸ್ ಕಟ್ಟಿಸಿದರು. ನಿಜಕ್ಕೂ ಆಗಿದ್ದದ್ದು ಆಡಳಿತಾತ್ಮಕ ಅನುಮೋದನೆ ಮಾತ್ರ. ಅದಾದ ಮೇಲೆ ತಾಂತ್ರಿಕ ಮಂಜೂರಾತಿ ಆಗಬೇಕು, ಟೆಂಡರ್ ಕರೆಯಬೇಕು, ಕಾರ್ಯಾದೇಶ ಕೊಡಬೇಕು. ಆರು ತಿಂಗಳಾದ ಮೇಲೆ ನೋಡಿದರೆ ಫ್ಲೆಕ್ಸ್ ಬಿಸಿಲಿಗೆ ಬಿಳುಚಿಕೊಂಡಿತ್ತು, ರಸ್ತೆ ಹಾಗೇ ಇತ್ತು. ಹುಡುಗರು ಬೈದದ್ದು ಸಾಹೇಬರನ್ನು. ತಪ್ಪು ನನ್ನದು. ಈಗ 'ಮಂಜೂರು' ಅನ್ನುವ ಪದವನ್ನೇ ಬಳಸುವುದಿಲ್ಲ, ಯಾವ ಹಂತದಲ್ಲಿದೆ ಅಂತ ಬರೆಯುತ್ತೇನೆ.

ಇನ್ನೊಂದು ಜಗಳ ಶಾಸಕರ ನಿಧಿಯದು. ವರ್ಷಕ್ಕೆ ಎರಡು ಕೋಟಿ. ಕಾಮಗಾರಿ ಯಾವುದು ಅಂತ ಶಾಸಕರು ಹೇಳುತ್ತಾರೆ, ಹಣ ಜಿಲ್ಲಾಧಿಕಾರಿ ಮೂಲಕ ಹೋಗುತ್ತದೆ. ಯಾವ ಊರಿಗೆ ಎಷ್ಟು ಅಂತ ಪಟ್ಟಿ ಹಾಕೋಣ ಅಂದೆ. "ಸಿಗದೇ ಇರೋ ಊರೋರು ಜಗಳಕ್ಕೆ ಬತ್ತಾರೆ" ಅಂದರು ಸಾಹೇಬರು. ಹಾಕಿದೆವು. ಬಂದರು. ಎರಡು ಟೆಂಪೊ ಮಾಡಿಕೊಂಡು ಬಂದರು. ಸಾಹೇಬರು ಹೇಳಿದ್ದೇ ಸರಿಯಾಯಿತು. ಪಟ್ಟಿ ಹಾಕಿದ್ದು ಒಳ್ಳೆಯದೇ ಆಯಿತು ಅಂತ ನನಗೆ ಈಗಲೂ ಅನಿಸುತ್ತದೆ, ಅವರಿಗೆ ಅನಿಸುವುದಿಲ್ಲ.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆದಾಗ ಹಾಳೆ ಪ್ರೆಸ್‌ನಲ್ಲಿತ್ತು. ನೀತಿಸಂಹಿತೆ ಬಂತು, ನಿಲ್ಲಿಸಿದೆವು. ಜೂನ್ 4ರ ಎಣಿಕೆ ಮುಗಿಯುವವರೆಗೂ ಬರೆಯಲಿಲ್ಲ. ಆ ನಡುವೆ ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದೆ. ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದ ಡೈರಿ ಕಾರ್ಯದರ್ಶಿಯೊಬ್ಬರು ಫೋನ್ ಮಾಡಿ, "ಗೋಡೆ ಖಾಲಿ ಹೊಡೀತಾ ಅದೆ ಕನಣ್ಣ, ಹಳೇದ್ನೇ ಬುಟ್ಟಿದೀನಿ" ಅಂದರು.

ಈಗ ಹಾಳೆ ಒಂದೇ, ಎರಡು ಮಗ್ಗುಲು, ಕಪ್ಪು ಬಿಳುಪು. ಫೋಟೊ ಒಂದೂ ಇಲ್ಲ. ಫ್ಯಾಟಿನ ದರಪಟ್ಟಿ ಪಕ್ಕದಲ್ಲಿ ಅಂಟಿಸುತ್ತೇವೆ. ಹೋದ ತಿಂಗಳು ಒಂದೂರಿನ ಡೈರಿಯಲ್ಲಿ ನೋಡಿದರೆ, 'ಮೋರಿ ಕೆಲಸ ಮುಗಿದಿದೆ' ಅನ್ನುವ ಸಾಲಿನ ಪಕ್ಕ ಯಾರೋ ಬಾಲ್ ಪೆನ್ನಿನಲ್ಲಿ ಬರೆದಿದ್ದರು: "ಸುಳ್ಳು. ಒಂದು ಕಡೆ ಮಣ್ಣು ಹಾಕಿಲ್ಲ. ಗಾಡಿ ಹತ್ತಲ್ಲ." ಹೋಗಿ ನೋಡಿದೆ, ಹಾಕಿರಲಿಲ್ಲ. ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಿದೆ. ಈ ತಿಂಗಳ ಹಾಳೆಯಲ್ಲಿ ಮೊದಲ ಸುದ್ದಿಯೇ ಅದು.