ಹಯಾಟಸ್ ಹರ್ನಿಯಾ, ಹುಳಿತೇಗು ಮತ್ತು ನನ್ನ ಎರಡು ಕೈ

ಕೈಚಿಕಿತ್ಸೆ ಮಾಡುವ ನನ್ನ ಹತ್ತಿರ ಬರುವ ಹೆಚ್ಚಿನವರ ಕೈಯಲ್ಲಿ ಎಂಡೋಸ್ಕೋಪಿ ರಿಪೋರ್ಟ್ ಇರುತ್ತದೆ. ‘ಸಣ್ಣ ಹಯಾಟಸ್ ಹರ್ನಿಯಾ, ಲ್ಯಾಕ್ಸ್ ಎಲ್‌ಇಎಸ್’ ಅಂತ ಒಂದೇ ಸಾಲು. ಜಠರದ ಮೇಲ್ತುದಿ ಎದೆಯತ್ತ ಜಾರಿದೆ, ಅನ್ನನಾಳದ ತುದಿಯ ಬಿಗಿಯುಂಗುರ ಸಡಿಲಾಗಿದೆ ಎಂದರ್ಥ. ಅದನ್ನು ಓದಿ ಹೆದರಿ, ಆಮೇಲೆ ಯೂಟ್ಯೂಬ್‌ನಲ್ಲಿ ಹೊಟ್ಟೆ ಹಿಡಿದು ಕೆಳಗೆಳೆಯುವ ವಿಡಿಯೊ ನೋಡಿ ಧೈರ್ಯ ತಂದುಕೊಂಡು ಬಂದಿರುತ್ತಾರೆ. ‘ಬಟ್ಟಿ ಸರಿದ್ರ ತಿಕ್ಕಿ ಕೂಡಸ್ತಾರಲ್ರಿ ಮೇಡಂ, ಹಂಗ ಇದನ್ನೂ ಕೂಡಸ್ರಿ’ ಎಂದು ನೇರವಾಗಿ ಕೇಳಿದವರೂ ಇದ್ದಾರೆ. (ಬಟ್ಟಿ ಸರಿಯುವುದೆಂದರೆ ಹೊಕ್ಕುಳು ಜಾಗ ಬಿಟ್ಟಿದೆ ಎಂಬ ಜನರ ನಂಬಿಕೆ.)

ಕೂಡಿಸಲು ಬರುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ, ಒಂದಿಬ್ಬರು ಅಲ್ಲಿಂದಲೇ ಎದ್ದು ಹೋದರೂ ಸರಿ. ಅನ್ನನಾಳ ಎದೆಯಿಂದ ಹೊಟ್ಟೆಗೆ ಇಳಿಯಲು ವಪೆಯಲ್ಲಿ, ಅಂದರೆ ಎರಡರ ನಡುವಿನ ಉಸಿರಾಟದ ಸ್ನಾಯುವಾದ ಡಯಾಫ್ರಾಮ್‌ನಲ್ಲಿ, ಒಂದು ಕಿಂಡಿಯಿದೆ. ಅದರ ಸುತ್ತಲಿನ ಸ್ನಾಯು ಮತ್ತು ಅನ್ನನಾಳದ ತುದಿಯ ಬಿಗಿಯುಂಗುರ ಒಟ್ಟಿಗೆ ಬಾಗಿಲು ಕಾಯುತ್ತವೆ. ಕಿಂಡಿ ಅಗಲವಾಗಿ, ಹಿಡಿದಿಡುವ ಪೊರೆ ಸಡಿಲವಾದಾಗ ಜಠರದ ಮೇಲ್ತುದಿ ಮೇಲೆ ಜಾರುತ್ತದೆ, ಬಾಗಿಲು ಸಡಿಲಾಗಿ ಹುಳಿನೀರು ಮೇಲೆ ಬರುತ್ತದೆ. ಹಯಾಟಸ್ ಹರ್ನಿಯಾಗಳಲ್ಲಿ ಬಹುಪಾಲು ಈ ಜಾರುವ ಬಗೆಯವೇ. ನಾನು ಹೊರಗಿನಿಂದ ಎಳೆದು ಇಳಿಸಿದೆ ಎಂದೇ ಇಟ್ಟುಕೊಳ್ಳಿ, ಮುಂದಿನ ಕೆಮ್ಮಿಗೆ ಅದು ಮತ್ತೆ ಮೇಲೆ. ಹಾಗಾದರೆ ನನ್ನ ಕೈಗೆ ಉಳಿಯುವ ಕೆಲಸ ಆ ಬಾಗಿಲು ಕಾಯುವ ಸ್ನಾಯುವಿನದು.

ಮುಟ್ಟುವ ಮೊದಲು ಒಂದಷ್ಟು ಪ್ರಶ್ನೆ ಕೇಳುತ್ತೇನೆ. ನುಂಗುವಾಗ ಸಿಕ್ಕಿಕೊಳ್ಳುತ್ತದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಗಿದೆಯೇ, ರಕ್ತಹೀನತೆ ಇದೆಯೇ? ಒಂದಕ್ಕೆ ಹೌದು ಎಂದರೂ ವೈದ್ಯರ ಬಳಿ ವಾಪಸ್. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿಯುತ್ತದೆ ಎಂದರೆ ಮೊದಲು ಹೃದಯದ ತಪಾಸಣೆ. ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಿದವರ ಕಥೆಗಳು ಸಾಕಷ್ಟಿವೆ. ಜಠರ ಅನ್ನನಾಳದ ಪಕ್ಕದಿಂದ ಸುತ್ತಿಕೊಂಡು ಮೇಲೇರಿದ ಬಗೆಯ ಹರ್ನಿಯಾ, ಗರ್ಭಿಣಿಯರು, ಹೊಟ್ಟೆಯ ಮಹಾಪಧಮನಿ ಉಬ್ಬಿದವರು, ಇವರ ಹೊಟ್ಟೆಯ ಮೇಲೆ ನಾನು ಕೈಯಿಡುವುದಿಲ್ಲ. ಮೂಳೆ ಸವೆದ ವಯಸ್ಸಾದವರ ಪಕ್ಕೆಲುಬಿನ ಮೇಲೂ ಭಾರ ಹಾಕುವುದಿಲ್ಲ.

ಊಟವಾಗಿ ಮೂರು ತಾಸಾದರೂ ಆಗಿರಬೇಕು. ತಲೆದಿಂಬು ಎತ್ತರ ಮಾಡಿ, ಮೊಣಕಾಲು ಮಡಚಿ ಅಂಗಾತ ಮಲಗಿಸುತ್ತೇನೆ. ಮೊದಲು ಸುಮ್ಮನೆ ಉಸಿರು ನೋಡುವುದು. ಬಹಳ ಜನರ ಹೊಟ್ಟೆ ಕದಲುವುದೇ ಇಲ್ಲ. ಭುಜ ಏರುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಪಕ್ಕೆಲುಬಿನ ಅಂಚಿನ ಕೆಳಗೆ ಇಡುತ್ತೇನೆ. ಒತ್ತುವುದಲ್ಲ, ಕಾಯುವುದು. ಉಸಿರು ಬಿಡುವಾಗ ಬೆರಳು ತಾನಾಗಿ ಒಳಸರಿಯುತ್ತದೆ, ಎಳೆದುಕೊಳ್ಳುವಾಗ ಅಲ್ಲೇ ನಿಲ್ಲುತ್ತದೆ. ಎಡಪಕ್ಕೆಯ ಕೆಳಗೆ, ಎದೆಗೂಡಿನ ತುದಿಯಿಂದ ತುಸು ಎಡಕ್ಕೆ, ಸಾಮಾನ್ಯವಾಗಿ ನೋವಿರುವ ಗಡುಸು ಜಾಗ ಸಿಗುತ್ತದೆ. ಅಲ್ಲಿ ಉಸಿರು ಬಿಟ್ಟಾಗೊಮ್ಮೆ ಮೆಲ್ಲಗೆ ಕೆಳಮುಖವಾಗಿ ಎಳೆತ ಕೊಡುತ್ತೇನೆ. ಜೋಳದ ಹಿಟ್ಟು ನಾದುವ ಜೋರು ಇಲ್ಲಿ ಬೇಡ. ಜೋರು ಮಾಡಿದರೆ ಹೊಟ್ಟೆ ಮತ್ತೆ ಬಿಗಿಯುತ್ತದೆ, ಹುಳಿನೀರು ಗಂಟಲಿಗೆ ಬರುತ್ತದೆ. ಬೆನ್ನಿನ ನಡುಭಾಗದ ಕೀಲುಗಳನ್ನು ರೋಗಿಯನ್ನು ಕೂರಿಸಿಕೊಂಡೇ ಸಡಿಲಿಸುತ್ತೇನೆ, ಬೋರಲು ಮಲಗಿಸಿದರೆ ಇವರಿಗೆ ಆಗದು. ವಪೆಯ ನರ ಹೊರಡುವುದು ಕುತ್ತಿಗೆಯಿಂದಾದ್ದರಿಂದ ಕುತ್ತಿಗೆಯನ್ನೂ ನೋಡುತ್ತೇನೆ, ಆದರೆ ಅದರಿಂದ ಹುಳಿತೇಗು ನಿಂತಿತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ಎದ್ದು ಕೂತ ತಕ್ಷಣ ‘ಹಗುರ ಆತ್ರಿ’ ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಪೆಯ ಮೇಲಿನ ಇಂಥ ಕೈಚಿಕಿತ್ಸೆಯ ಬೆನ್ನಲ್ಲೇ ಬಿಗಿಯುಂಗುರದ ಒತ್ತಡ ಏರಿದ್ದು ಅಳತೆಗೆ ಸಿಕ್ಕಿದೆ. ಆದರೆ ಅದು ಆ ಹೊತ್ತಿನ ಅಳತೆ. ವಾರ ಕಳೆದ ಮೇಲೂ ಹಗುರ ಉಳಿಯಬೇಕಾದರೆ ರೋಗಿಯೇ ದುಡಿಯಬೇಕು. ಆಸ್ಟ್ರಿಯಾದ ಗ್ರಾಟ್ಸ್‌ನ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೈಚಿಕಿತ್ಸೆ ಇರಲೇ ಇಲ್ಲ, ಬರೀ ಹೊಟ್ಟೆಯುಸಿರಿನ ತರಬೇತಿ. ನಾಲ್ಕು ವಾರದ ನಂತರ ಅನ್ನನಾಳ ಆಮ್ಲಕ್ಕೆ ಒಡ್ಡಿಕೊಳ್ಳುವ ಸಮಯ ಶೇ. 9.1ರಿಂದ 4.7ಕ್ಕೆ ಇಳಿಯಿತು. ಅಭ್ಯಾಸ ಬಿಡದವರಿಗೆ ಒಂಬತ್ತು ತಿಂಗಳ ಹೊತ್ತಿಗೆ ಆಮ್ಲ ತಗ್ಗಿಸುವ ಮಾತ್ರೆಯೂ ಕಡಿಮೆಯಾಗಿತ್ತು. ಪಾಲ್ಗೊಂಡವರು ಕೇವಲ 19 ಮಂದಿ, ಅದರಲ್ಲೂ ದೊಡ್ಡ ಹರ್ನಿಯಾದವರನ್ನು ಸೇರಿಸಿಕೊಂಡಿರಲಿಲ್ಲ. ಇಷ್ಟು ಸಣ್ಣ ಪ್ರಯೋಗವನ್ನು ಹಿಡಿದು ಊರೆಲ್ಲ ಡಂಗುರ ಸಾರಲಾಗದು. ಆದರೂ ನನ್ನ ಕೆಲಸದ ಕ್ರಮ ಬದಲಿಸಲು ಅದು ಸಾಕಾಯಿತು. ಈಗ ಕೈಯ ಕೆಲಸ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಉಸಿರು ಕಲಿಸುವುದು. ಮೊದಲು ಮಲಗಿ, ಬಳಿಕ ಕೂತು, ಕೊನೆಗೆ ನಿಂತು. ಮನೆಯಲ್ಲಿ ದಿನಕ್ಕೆ ಅರ್ಧ ತಾಸು. ಕಪಾಲಭಾತಿ ಮಾಡುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ ಎನ್ನುತ್ತೇನೆ, ಅದರ ಹೊಡೆತ ಹೊಟ್ಟೆಯನ್ನು ಮೇಲಕ್ಕೇ ನೂಕುತ್ತದೆ. ಯೋಗದ ಮೇಷ್ಟ್ರುಗಳಿಗೆ ಈ ವಿಷಯದಲ್ಲಿ ನನ್ನ ಮೇಲೆ ಸಿಟ್ಟಿದೆ.

ರೊಟ್ಟಿ ಬಡಿದು ಮಾರುವ ಹೆಂಗಸೊಬ್ಬರು ನೆನಪಾಗುತ್ತಾರೆ. ರಾತ್ರಿಯೆಲ್ಲ ಕೆಮ್ಮು, ಬೆಳಗ್ಗೆ ಬಾಯೆಲ್ಲ ಹುಳಿ. ನೆಲದಲ್ಲಿ ಕೂತು ಒಲೆಯತ್ತ ಬಾಗಿ ಗಂಟೆಗಟ್ಟಲೆ ಕೆಲಸ, ಮೇಲೆ ಹೊಟ್ಟೆ ಕೊಯ್ಯುವಷ್ಟು ಬಿಗಿದ ಲಂಗದ ಲಾಡಿ. ಒಲೆಯನ್ನು ಕಟ್ಟೆಯ ಮೇಲೇರಿಸಿದರು, ಲಾಡಿ ಸಡಿಲಿಸಿದರು, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟರು, ಎಡಮಗ್ಗುಲಾಗಿ ಮಲಗತೊಡಗಿದರು. ಉಸಿರಿನ ಅಭ್ಯಾಸವನ್ನು ಟಿವಿ ಧಾರಾವಾಹಿಯ ಹೊತ್ತಿಗೆ ಹೊಂದಿಸಿಕೊಂಡರು. ಕೆಮ್ಮು ಹೋಯಿತು. ನನ್ನ ಬೆರಳಿನ ಪಾಲು ಅದರಲ್ಲಿ ಎಷ್ಟೆಂದು ಬಿಡಿಸಿ ಹೇಳಲು ನನಗೆ ಆಗದು, ಇಟ್ಟಿಗೆಯದೇ ಹೆಚ್ಚಿರಬಹುದು.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಯಾರೂ ನನ್ನ ಮಾತು ಕೇಳಿ ನಿಲ್ಲಿಸಕೂಡದು. ವರ್ಷಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ಇಳಿಸುವುದು ವೈದ್ಯರ ಲೆಕ್ಕದಲ್ಲೇ ಆಗಬೇಕು. ಎರಡು ತಿಂಗಳು ನಿಷ್ಠೆಯಿಂದ ಅಭ್ಯಾಸ ಮಾಡಿಯೂ ರಾತ್ರಿ ಎದ್ದು ಕೂರುವವರಿಗೆ ಸರ್ಜನ್ ಹೆಸರು ಬರೆದುಕೊಡುತ್ತೇನೆ. ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದವರಿಗೆ ಹೊಟ್ಟೆಯ ಮೇಲಿನ ಎಳೆತ ಪೂರ್ತಿ ಬಂದ್. ಸರ್ಜನ್ ಒಪ್ಪಿದ ಮೇಲೆ ಉಸಿರು, ನಡಿಗೆ, ಅಷ್ಟೇ.